ಎಷ್ಟು ದಿನದ ಐಸ್ ತುಂಬಿಸಿದ್ದೀರಿ?

ಪ್ರಶ್ನೆ: ನಮ್ಮ ಮನೆ ಮಂಗಳೂರಿನ ಕಾವೂರಿನಲ್ಲಿ. ಟಿವಿಯಲ್ಲಿ ಗಡಿಯ ಸುದ್ದಿ ಬಂದಾಗಲೆಲ್ಲ ಮನೆಯಲ್ಲಿ ಒಂದೇ ಚರ್ಚೆ. ಅಪ್ಪ ಹೇಳುತ್ತಾರೆ, 'ಸೇನೆಗೆ ಫ್ರೀ ಹ್ಯಾಂಡ್ ಕೊಟ್ಟರೆ ಸಾಕು, ಯಾವ ಯುದ್ಧ ಬೇಕಾದರೂ ಗೆಲ್ಲುತ್ತಾರೆ. ಹಾಳು ಮಾಡುವುದು ರಾಜಕಾರಣಿಗಳು.' ಅಮ್ಮನ ಅಣ್ಣ, ನಮ್ಮ ಮಾವ, ಇದನ್ನು ಒಪ್ಪುವುದಿಲ್ಲ. 'ಸೇನೆ ಯಾವಾಗಲೂ ಅದೇ ಸೇನೆ. ದಿಲ್ಲಿಯಲ್ಲಿ ಕೂತವರಿಗೆ ಗಟ್ಟಿ ಮನಸ್ಸು ಇದ್ದರೆ ಗೆಲುವು, ಇಲ್ಲದಿದ್ದರೆ ಸೋಲು' ಅನ್ನುತ್ತಾರೆ. ಅಮೆರಿಕ ವಿಯೆಟ್ನಾಂನಲ್ಲಿ ಯಾಕೆ ಸೋತಿತು ಅನ್ನುವುದಕ್ಕೂ ಇಬ್ಬರೂ ಬೇರೆ ಬೇರೆ ಕಾರಣ ಕೊಡುತ್ತಾರೆ. ನನ್ನ ತಮ್ಮ ಸೇನಾಧಿಕಾರಿಯಾಗಲು ಎನ್‌ಡಿಎ ಪರೀಕ್ಷೆಗೆ ಓದುತ್ತಿದ್ದಾನೆ. ಅವನಿಗೂ ಗೊಂದಲವಾಗಿದೆ. ಯಾರು ಹೇಳುವುದು ಸರಿ?

ಉತ್ತರ: ನಿಮ್ಮ ಪತ್ರವನ್ನು ನಾನು ಓದಿದ್ದು ಮಲ್ಪೆ ಬಂದರಿನಲ್ಲಿ. ಸೇನೆಯಿಂದ ನಿವೃತ್ತನಾಗಿ ಉಡುಪಿಗೆ ಬಂದ ಮೇಲೆ ಬೆಳಗಿನ ನಡಿಗೆ ಅಲ್ಲಿಗೇ. ಅವತ್ತು ಆಳಸಮುದ್ರಕ್ಕೆ ಹೊರಟ ಒಂದು ಬೋಟಿಗೆ ಐಸ್ ತುಂಬಿಸುತ್ತಿದ್ದರು. ಪುಡಿ ಮಾಡಿದ ಐಸ್ ಬೋಟಿನ ಹೊಟ್ಟೆಗೆ ಬೀಳುವುದನ್ನು ನೋಡುತ್ತಾ ನಿಂತಾಗ, ನಿಮ್ಮ ಮನೆಯ ಚರ್ಚೆಗೆ ಉತ್ತರ ಇಲ್ಲೇ ಇದೆಯಲ್ಲ ಅನಿಸಿತು.

ಬೋಟಿನ ಮಾಲೀಕರು ದಡದಲ್ಲಿರುತ್ತಾರೆ. ನೀರಿನ ಮೇಲೆ ಬೋಟು ನಡೆಸುವವನು ತಾಂಡೇಲ. ಎಷ್ಟು ದಿನದ ಟ್ರಿಪ್, ಎಷ್ಟು ಡೀಸೆಲ್, ಎಷ್ಟು ಐಸ್, ಬೋಟು ಖಾಲಿ ಬಂದರೆ ಎಷ್ಟು ನಷ್ಟ ತಡೆದುಕೊಳ್ಳುತ್ತೇನೆ ಅನ್ನುವುದನ್ನು ಮಾಲೀಕರು ಹೇಳಬೇಕು. ಬಲೆ ಎಲ್ಲಿ ಬಿಡುವುದು, ಗಾಳಿ ತಿರುಗಿದರೆ ಏನು ಮಾಡುವುದು ಅನ್ನುವುದು ತಾಂಡೇಲನ ಕೆಲಸ. ಮಾಲೀಕರು ದಡದಲ್ಲಿ ಕೂತು 'ಇನ್ನೂ ಸ್ವಲ್ಪ ಬಲಕ್ಕೆ ಬಲೆ ಬಿಡು' ಅಂತ ವಯರ್‌ಲೆಸ್‌ನಲ್ಲಿ ಹೇಳುತ್ತಾ ಹೋದರೆ ಮೀನು ಸಿಗುವುದಿಲ್ಲ. ಐದು ದಿನದ ಐಸ್ ತುಂಬಿಸಿ 'ಹತ್ತು ದಿನ ಇರು, ಮನಸ್ಸು ಗಟ್ಟಿ ಮಾಡು' ಅಂದರೂ ಆಗುವುದಿಲ್ಲ. ಹಿಡಿದ ಮೀನು ಬೋಟಿನಲ್ಲೇ ಕೊಳೆಯುತ್ತದೆ.

ನಿಮ್ಮ ತಂದೆಯವರು ಈ ಮೊದಲನೆಯ ತಪ್ಪನ್ನು ಮಾತ್ರ ನೋಡುತ್ತಿದ್ದಾರೆ. ನಿಮ್ಮ ಮಾವನವರು ಮಾಲೀಕರ ಗಟ್ಟಿ ಮನಸ್ಸನ್ನೇ ಐಸ್ ಅಂದುಕೊಂಡಿದ್ದಾರೆ.

'ರಾಜಕೀಯ ಇಚ್ಛಾಶಕ್ತಿ' ಅನ್ನುವ ಮಾತನ್ನು ಪತ್ರಿಕೆಗಳಲ್ಲಿ ಓದಿ ಓದಿ, ಅದಕ್ಕೆ ಧೈರ್ಯ ಅಂತ ಅರ್ಥ ಮಾಡಿಕೊಂಡುಬಿಟ್ಟಿದ್ದೇವೆ. ಮೇಜು ಕುಟ್ಟಿ ಮಾತಾಡುವವರಿಗೆ ಅದು ಜಾಸ್ತಿ, ಮೆಲ್ಲಗೆ ಮಾತಾಡುವವರಿಗೆ ಕಡಿಮೆ ಅಂತ ಲೆಕ್ಕ. ನಾನು ಹಾಗೆ ನೋಡುವುದಿಲ್ಲ. ಈ ಯುದ್ಧದಿಂದ ನಮಗೆ ಬೇಕಾದ್ದೇನು, ಅದಕ್ಕೆ ಎಷ್ಟು ಜೀವ, ಎಷ್ಟು ಹಣ, ಎಷ್ಟು ವರ್ಷ ಕೊಡಲು ತಯಾರಿದ್ದೇವೆ, ಎಲ್ಲಿಗೆ ಮುಟ್ಟಿದರೆ ಸಾಕು ಅಂತ ನಿಲ್ಲಿಸುತ್ತೇವೆ? ಇದನ್ನು ಮೊದಲ ಗುಂಡು ಹಾರುವ ಮುಂಚೆ ಸರ್ಕಾರ ತನಗೆ ತಾನೇ ಹೇಳಿಕೊಳ್ಳಬೇಕು. ಸೇನೆಗೆ ಹೇಳಬೇಕು. ಜನಕ್ಕೂ ಹೇಳಬೇಕು. ಹೇಳಿದ ಮೇಲೆ ಅದಕ್ಕೆ ಬೇಕಾದ್ದನ್ನು ಕೊಡಬೇಕು. ನನ್ನ ಪ್ರಕಾರ ಇಚ್ಛಾಶಕ್ತಿ ಅಂದರೆ ಅಷ್ಟು. ಯಕ್ಷಗಾನದಲ್ಲಿ ಕೃಷ್ಣ ಕೌರವರ ಸಭೆಗೆ ಹೋಗಿ ಕೊನೆಗೆ ಐದೇ ಊರು ಕೇಳುವುದನ್ನು ರಾತ್ರಿಯಿಡೀ ಕೂತು ನೋಡಿದವರು ನಾವು. ಪಾಂಡವರಿಗೆ ಏನು ಬೇಕು, ಕಡಿಮೆ ಅಂದರೆ ಎಷ್ಟಕ್ಕೆ ಒಪ್ಪುತ್ತಾರೆ ಅನ್ನುವುದು ಆ ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಶಂಖ ಊದಿದ್ದು ಆಮೇಲೆ.

ಇರುವ ಬಲದಲ್ಲಿ ಆ ಗುರಿಗೆ ಮುಟ್ಟುವ ದಾರಿ ಹುಡುಕುವುದು ಯುದ್ಧತಂತ್ರ. ಗುರಿಯೇ ಗೊತ್ತಿಲ್ಲದವನಿಗೆ ಯಾರು ದಾರಿ ಹೇಳುತ್ತಾರೆ?

ನಿಮ್ಮ ಊರಿನಿಂದಲೇ ಶುರು ಮಾಡೋಣ. ಬೋಳೂರಿನ ಸುಲ್ತಾನ್ ಬತ್ತೇರಿಗೆ ನೀವು ಹೋಗಿಯೇ ಇರುತ್ತೀರಿ. ಕಪ್ಪು ಕಲ್ಲಿನ ಕಾವಲು ಬುರುಜು, ಕೆಳಗೆ ಗುರುಪುರ ಹೊಳೆ, ಆಚೆ ದಡದಲ್ಲಿ ತಣ್ಣೀರುಬಾವಿ. ಹೊಳೆಯ ಬಾಯಿಂದ ಶತ್ರುವಿನ ಹಡಗು ಒಳಗೆ ನುಗ್ಗಬಾರದು ಅಂತ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು ಅದು. ಸಂಜೆ ಅಲ್ಲಿ ಫೋಟೊ ತೆಗೆಸಿಕೊಳ್ಳುವ ಹೆಚ್ಚಿನವರಿಗೆ ಆ ಹೆದರಿಕೆ ಎಲ್ಲಿಂದ ಬಂತು ಅನ್ನುವುದು ಗೊತ್ತಿರುವುದಿಲ್ಲ.

ಎರಡನೆಯ ಆಂಗ್ಲೋ-ಮೈಸೂರು ಯುದ್ಧ 1780ರಲ್ಲಿ ಶುರುವಾಯಿತು. 1782ರ ಡಿಸೆಂಬರ್‌ನಲ್ಲಿ ಹೈದರಾಲಿ ತೀರಿಕೊಂಡ. ಆ ಹೊತ್ತಿಗೆ ಸರಿಯಾಗಿ ಬೊಂಬಾಯಿಯಿಂದ ಬಂದ ಈಸ್ಟ್ ಇಂಡಿಯಾ ಕಂಪನಿಯ ಪಡೆ, ಜನರಲ್ ಮ್ಯಾಥ್ಯೂಸ್ ಕೈಕೆಳಗೆ, ಘಟ್ಟ ಹತ್ತಿ ಶಿವಮೊಗ್ಗ ಕಡೆಯ ಬಿದನೂರು ಹಿಡಿಯಿತು. ಮಂಗಳೂರು ಕೋಟೆಯೂ ಅವರದಾಯಿತು. ಟಿಪ್ಪು ಸುಮ್ಮನೆ ಕೂರಲಿಲ್ಲ. 1783ರ ಮೇ ತಿಂಗಳ ಹೊತ್ತಿಗೆ ಬಿದನೂರನ್ನು ವಾಪಸ್ ಪಡೆದು, ಮ್ಯಾಥ್ಯೂಸ್‌ನನ್ನು ಸೆರೆ ಹಿಡಿದು, ಘಟ್ಟ ಇಳಿದು ಬಂದು ಮಂಗಳೂರಿಗೆ ಮುತ್ತಿಗೆ ಹಾಕಿದ.

ಕೋಟೆಯ ಒಳಗೆ ಕರ್ನಲ್ ಕ್ಯಾಂಪ್‌ಬೆಲ್, ಗೋರಾ ಸೈನಿಕರು, ನಮ್ಮದೇ ಸಿಪಾಯಿಗಳು. ಹೊರಗೆ ಟಿಪ್ಪುವಿನ ಸೇನೆ, ಜೊತೆಗೆ ಫ್ರೆಂಚರ ಒಂದು ತುಕಡಿ. ಕೋಟೆ ಗೋಡೆ ಒಡೆಯುವ ವಿದ್ಯೆ ಫ್ರೆಂಚರಿಗೆ ಚೆನ್ನಾಗಿ ಗೊತ್ತಿತ್ತು. ತೋಪುಗಳು ಗೋಡೆಯನ್ನು ಬಿರುಕು ಬಿಡಿಸಿದವು. ನಮ್ಮ ಕರಾವಳಿಯ ಮಳೆ ಬೇರೆ ಹೊಯ್ಯುತ್ತಿತ್ತು. ಆಗ ಯುರೋಪಿನಿಂದ ಒಂದು ಸುದ್ದಿ ಬಂತು: ಬ್ರಿಟನ್ ಮತ್ತು ಫ್ರಾನ್ಸ್ ರಾಜಿಯಾಗಿವೆ. ಫ್ರೆಂಚ್ ತುಕಡಿ ಕೆಲಸ ನಿಲ್ಲಿಸಿ ದೂರ ಸರಿಯಿತು. ಸಾವಿರಾರು ಮೈಲಿ ಆಚೆ ಹಾಕಿದ ಒಂದು ಸಹಿ, ತಿಂಗಳುಗಟ್ಟಲೆ ಹಡಗಿನಲ್ಲಿ ಬಂದು, ಮಂಗಳೂರಿನ ಗೋಡೆಗೆ ಆನಿಕೆಯಾಯಿತು.

ಆಗಸ್ಟ್‌ನಲ್ಲಿ ಕದನ ವಿರಾಮ. ಗೋಡೆ ಒಡೆಯುವುದರ ಬದಲು ಟಿಪ್ಪು ಹಸಿವಿಗಾಗಿ ಕಾದ. 1784ರ ಜನವರಿ ಕೊನೆಯಲ್ಲಿ ಕ್ಯಾಂಪ್‌ಬೆಲ್ ಕೋಟೆ ಬಿಟ್ಟುಕೊಟ್ಟಾಗ ಅವನ ಜನ ಹಸಿವು, ಸ್ಕರ್ವಿ ಕಾಯಿಲೆಯಿಂದ ನೆಲ ಹಿಡಿದಿದ್ದರು. ಎಂಟು ತಿಂಗಳು ತಡೆದುಕೊಂಡಿದ್ದರು. ಮನಸ್ಸಿನ ಗಟ್ಟಿತನಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೂ ಕೋಟೆ ಹೋಯಿತು, ಯಾಕಂದರೆ ಅಕ್ಕಿ ಮುಗಿದಿತ್ತು.

ಈ ಕಥೆಯ ಇನ್ನೊಂದು ತುದಿ ದಕ್ಷಿಣದಲ್ಲಿದೆ. ನನಗೆ ಅದೇ ಜಾಸ್ತಿ ಮುಖ್ಯ. 1783ರ ನವೆಂಬರ್‌ನಲ್ಲಿ ಕಂಪನಿಯ ಇನ್ನೊಬ್ಬ ಅಧಿಕಾರಿ, ಕರ್ನಲ್ ಫುಲ್ಲರ್ಟನ್, ಪಾಲಕ್ಕಾಡ್ ಕೋಟೆ ಹಿಡಿದ. ಕೊಯಮತ್ತೂರೂ ಕೈಗೆ ಬಂತು. ಟಿಪ್ಪು ಮಂಗಳೂರಿನ ಹತ್ತಿರ ಸಿಕ್ಕಿಕೊಂಡಿದ್ದಾನೆ, ಶ್ರೀರಂಗಪಟ್ಟಣದ ಕಡೆ ನುಗ್ಗಲು ಇದೇ ಸಮಯ ಅಂತ ಫುಲ್ಲರ್ಟನ್ ಲೆಕ್ಕ ಹಾಕಿದ್ದ. ಅಷ್ಟರಲ್ಲಿ ಮದ್ರಾಸಿನಿಂದ ಆದೇಶ ಬಂತು: ನಿಲ್ಲು, ಹಿಂದೆ ಬಾ. ಮದ್ರಾಸಿನ ಗವರ್ನರ್ ಮೆಕಾರ್ಟ್ನಿಗೆ ಖಜಾನೆ ಖಾಲಿಯಾಗಿತ್ತು, ಮಾತುಕತೆ ಬೇಕಾಗಿತ್ತು. ಕಲ್ಕತ್ತೆಯಲ್ಲಿದ್ದ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ಗೆ ಆ ರಾಜಿ ಸ್ವಲ್ಪವೂ ಹಿಡಿಸಲಿಲ್ಲ. ಒಂದೇ ಕಂಪನಿ, ಎರಡು ಮನಸ್ಸು. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಗೆದ್ದುಕೊಂಡದ್ದನ್ನೆಲ್ಲ ಎರಡೂ ಕಡೆಯವರು ಹಿಂತಿರುಗಿಸಿದರು. ಆರು ವರ್ಷ ಕಳೆಯುವಷ್ಟರಲ್ಲಿ ಅದೇ ಇಬ್ಬರ ನಡುವೆ ಮತ್ತೆ ಯುದ್ಧ. ಈ ನಡುವೆ, 1784ರಲ್ಲೇ, ಕೆನರಾದ ಸಾವಿರಾರು ಕ್ರೈಸ್ತ ಕುಟುಂಬಗಳನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಮೇಜಿನ ಎರಡೂ ಬದಿಯಲ್ಲಿ ಕೂತವರು ಕಳೆದುಕೊಂಡದ್ದಕ್ಕಿಂತ ಆ ಜನ ಕಳೆದುಕೊಂಡದ್ದು ಜಾಸ್ತಿ. ಮಂಗಳೂರಿನಲ್ಲಿ ಕೂತು ಈ ಒಪ್ಪಂದದ ಬಗ್ಗೆ ಬರೆಯುವವರು ಅದನ್ನು ಬಿಟ್ಟು ಬರೆಯಬಾರದು.

ಈಗ ನಿಮ್ಮ ತಂದೆಯವರ ಪ್ರಶ್ನೆ ಕೇಳಿ ನೋಡಿ. ಫುಲ್ಲರ್ಟನ್‌ಗೆ ಫ್ರೀ ಹ್ಯಾಂಡ್ ಕೊಟ್ಟಿದ್ದರೆ? ಸೈನಿಕನಾಗಿ ನನಗೆ ಅವನ ಹೊಟ್ಟೆಯುರಿ ಅರ್ಥವಾಗುತ್ತದೆ. ಗುರಿ ಕಣ್ಣೆದುರು ಇದ್ದಾಗ ಹಿಂದೆ ಬಾ ಅನ್ನಿಸಿಕೊಳ್ಳುವಷ್ಟು ಕಷ್ಟ ಬೇರೆ ಇಲ್ಲ. ಆದರೆ ಖಾಲಿ ಖಜಾನೆಯ ಸರ್ಕಾರ ಶ್ರೀರಂಗಪಟ್ಟಣ ಹಿಡಿದು ಮುಂದಿನ ತಿಂಗಳು ಸಿಪಾಯಿಗೆ ಸಂಬಳ ಎಲ್ಲಿಂದ ಕೊಡುತ್ತಿತ್ತು? ಮೆಕಾರ್ಟ್ನಿ ಹೇಳಿದ್ದರಲ್ಲೂ ಸತ್ಯ ಇತ್ತು. ತಪ್ಪಾದದ್ದು ಅದಕ್ಕಿಂತ ಮುಂಚೆ. ಗೆದ್ದರೆ ಏನು ಬೇಕು ಅನ್ನುವುದನ್ನು ಮದ್ರಾಸು, ಕಲ್ಕತ್ತ, ಬೊಂಬಾಯಿ ಒಟ್ಟಿಗೆ ಕೂತು ಯಾವತ್ತೂ ತೀರ್ಮಾನ ಮಾಡಿರಲಿಲ್ಲ.

ನಿಮ್ಮ ಮಾವನವರಿಗೂ ಮಂಗಳೂರಿನಲ್ಲೇ ಒಂದು ಉದಾಹರಣೆ ಇದೆ. 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರು ಮಂಗಳೂರಿಗೆ ಬಂದು, ಕಂಪನಿಯವರನ್ನು ಓಡಿಸಿ, ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದರು. ಅಮರ ಸುಳ್ಯ ದಂಗೆ ಅಂತ ನಾವು ಹೆಮ್ಮೆಯಿಂದ ಹೇಳುವುದು ಇದನ್ನೇ. ಅವರ ಮನಸ್ಸಿನ ಬಲದ ಬಗ್ಗೆ ಯಾರಿಗೂ ಅನುಮಾನ ಇಲ್ಲ. ಆದರೆ ಸುಮಾರು ಎರಡು ವಾರಕ್ಕೆ ಎಲ್ಲ ಮುಗಿಯಿತು. ಸಮುದ್ರದ ದಾರಿ ಕಂಪನಿಯ ಕೈಯಲ್ಲಿತ್ತು, ಕಣ್ಣೂರು-ತಲಶ್ಶೇರಿ ಕಡೆಯಿಂದ ಪಡೆ ಬಂತು. ಅದನ್ನು ತಡೆಯುವ ತೋಪು, ಹಡಗು ನಮ್ಮವರ ಹತ್ತಿರ ಇರಲಿಲ್ಲ.

ಇದೇ ಮಾತಿಗೆ ಭಯಂಕರವಾದ ಉದಾಹರಣೆ ಸ್ಟಾಲಿನ್‌ಗ್ರಾಡ್. 1942ರ ನವೆಂಬರ್‌ನಲ್ಲಿ ಜರ್ಮನಿಯ ಆರನೆಯ ಸೇನೆಯನ್ನು ರಷ್ಯನ್ನರು ಸುತ್ತುವರಿದರು. ಒಂದಿಂಚೂ ಹಿಂದೆ ಬರಬೇಡಿ ಅಂತ ಹಿಟ್ಲರ್ ಹಟ ಹಿಡಿದ. ಊಟ, ಮದ್ದುಗುಂಡು ವಿಮಾನದಲ್ಲಿ ತಲುಪಿಸುತ್ತೇವೆ ಅಂತ ವಾಯುಪಡೆಯ ಮುಖ್ಯಸ್ಥ ಮಾತು ಕೊಟ್ಟ. ತಲುಪಲಿಲ್ಲ. 1943ರ ಫೆಬ್ರವರಿ 2ರ ಹೊತ್ತಿಗೆ ಉಳಿದ ಸುಮಾರು 91,000 ಜನ ಶರಣಾದರು. ಮನೆಗೆ ಮರಳಿದವರು ಕೆಲವೇ ಸಾವಿರ. ದಿಲ್ಲಿಯಲ್ಲೋ ಬರ್ಲಿನ್‌ನಲ್ಲೋ ಕೂತವರ ಮನಸ್ಸು ಗಟ್ಟಿಯಿದ್ದರೆ ಸಾಕು ಅನ್ನುವವರು ಆ ಚಳಿಗಾಲವನ್ನು ನೆನೆಸಿಕೊಳ್ಳಲಿ.

ಇನ್ನು ವಿಯೆಟ್ನಾಂ. ನಿಮ್ಮ ಮನೆಯಲ್ಲಿ ಇಬ್ಬರೂ ಏನು ಹೇಳುತ್ತಿರಬಹುದು ಅಂತ ಊಹಿಸಬಲ್ಲೆ. ಸೇನೆಯ ಕೈ ಕಟ್ಟಿದರು ಅಂತ ಒಬ್ಬರು, ಅಮೆರಿಕದ ಜನಕ್ಕೆ ಗಟ್ಟಿತನ ಇರಲಿಲ್ಲ ಅಂತ ಇನ್ನೊಬ್ಬರು, ಅಲ್ವಾ? ಎರಡೂ ಅಮೆರಿಕದಲ್ಲೇ ಹುಟ್ಟಿದ ವಾದಗಳು. ಎರಡರಲ್ಲೂ ವಿಯೆಟ್ನಾಮಿನವರು ಕಾಣುವುದೇ ಇಲ್ಲ. ಅದೇ ನನ್ನ ತಕರಾರು.

1969ರಲ್ಲಿ ಅಲ್ಲಿ 5,40,000ಕ್ಕೂ ಜಾಸ್ತಿ ಅಮೆರಿಕನ್ ಸೈನಿಕರಿದ್ದರು. ಬಾಂಬು, ಹೆಲಿಕಾಪ್ಟರ್, ಹಣ ಯಾವುದಕ್ಕೂ ಕೊರತೆ ಇರಲಿಲ್ಲ. 1968ರವರೆಗೆ ಅಲ್ಲಿ ಅಮೆರಿಕನ್ ಸೇನೆಯನ್ನು ನಡೆಸಿದ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ಅವರ ತಂತ್ರ ಸರಳವಾಗಿತ್ತು: ಶತ್ರು ಹೊಸ ಜನರನ್ನು ತರುವುದಕ್ಕಿಂತ ಬೇಗ ಅವರನ್ನು ಕೊಲ್ಲುತ್ತಾ ಹೋಗುವುದು. ದಿನ ದಿನ ಹೆಣ ಎಣಿಸುತ್ತಿದ್ದರು. ಆದರೆ ಉತ್ತರ ವಿಯೆಟ್ನಾಂ ಪ್ರತಿ ವರ್ಷ ಹೊಸ ಹುಡುಗರನ್ನು ಕಳಿಸುತ್ತಲೇ ಇತ್ತು. ಅವರಿಗೆ ಅದು ತಮ್ಮ ಮನೆಯ ಅಂಗಳದ ಪ್ರಶ್ನೆ. 1954ರಲ್ಲಿ ದಿಯನ್ ಬಿಯನ್ ಫೂನಲ್ಲಿ ಫ್ರೆಂಚರನ್ನು ಸೋಲಿಸಿದವರು ಅವರು. ಅಮೆರಿಕನ್ ಸೈನಿಕ ಒಂದು ವರ್ಷದ ಡ್ಯೂಟಿ ಮುಗಿಸಿ ಊರಿಗೆ ಹೋಗುತ್ತಿದ್ದ. ಅವರಿಗೆ ಹೋಗುವುದಕ್ಕೆ ಬೇರೆ ಊರು ಇರಲಿಲ್ಲ. ಇಚ್ಛಾಶಕ್ತಿಯನ್ನು ಎದುರಾಳಿಯ ಇಚ್ಛಾಶಕ್ತಿಯ ಪಕ್ಕದಲ್ಲಿಟ್ಟು ತೂಗಬೇಕು. ಅಮೆರಿಕ ತನ್ನದನ್ನು ಮಾತ್ರ ತೂಗಿತು. ಅಮೆರಿಕ ಕಾಪಾಡಲು ಹೋದ ದಕ್ಷಿಣ ವಿಯೆಟ್ನಾಂ ಸರ್ಕಾರದ ಮೇಲೆ ಅಲ್ಲಿನ ಹಳ್ಳಿಯ ಜನಕ್ಕೇ ನಂಬಿಕೆ ಕಡಿಮೆ ಇತ್ತು. ಆ ಜಾಗವನ್ನು ಹೆಲಿಕಾಪ್ಟರ್ ತುಂಬುವುದಿಲ್ಲ.

1968ರ ಜನವರಿ ಕೊನೆಯಲ್ಲಿ, ಅವರ ಹೊಸ ವರ್ಷದ ಹಬ್ಬ ಟೆಟ್ ದಿನ, ಕಮ್ಯುನಿಸ್ಟರು ನೂರಕ್ಕೂ ಜಾಸ್ತಿ ಊರು ಪಟ್ಟಣಗಳ ಮೇಲೆ ಒಟ್ಟಿಗೆ ಬಿದ್ದರು. ಸೈಗಾನ್‌ನ ಅಮೆರಿಕನ್ ದೂತಾವಾಸದ ಕಾಂಪೌಂಡಿನೊಳಗೂ ನುಗ್ಗಿದರು. ಕಾಳಗದ ಲೆಕ್ಕದಲ್ಲಿ ಅವರು ಸೋತರು. ಹತ್ತಾರು ಸಾವಿರ ಜನ ಸತ್ತರು, ಹಿಡಿದ ಊರುಗಳು ಕೈತಪ್ಪಿದವು, ಅವರು ನಂಬಿಕೊಂಡಿದ್ದ ಹಾಗೆ ದಕ್ಷಿಣದ ಜನ ದಂಗೆ ಏಳಲಿಲ್ಲ. ಆದರೆ ಅದಕ್ಕೆ ಎರಡೇ ತಿಂಗಳ ಹಿಂದೆ ವೆಸ್ಟ್‌ಮೋರ್‌ಲ್ಯಾಂಡ್ ವಾಷಿಂಗ್ಟನ್‌ಗೆ ಬಂದು, ಯುದ್ಧದ ಕೊನೆ ಕಾಣಲು ಶುರುವಾಗಿದೆ ಅಂತ ಜನಕ್ಕೆ ಹೇಳಿ ಹೋಗಿದ್ದರು. ಈಗ ಜನ ಟಿವಿಯಲ್ಲಿ ದೂತಾವಾಸದ ಅಂಗಳದಲ್ಲಿ ಗುಂಡು ಹಾರುವುದನ್ನು ನೋಡಿದರು. ಮಾರ್ಚ್ 31ರಂದು ಅಧ್ಯಕ್ಷ ಜಾನ್ಸನ್, ನಾನು ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಅಂದರು. ಜನಕ್ಕೆ ಗಟ್ಟಿತನ ಇರಲಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮೂರು ವರ್ಷ ಅವರು ಮಕ್ಕಳನ್ನು ಕಳಿಸಿದ್ದರು. ಅವರಿಗೆ ಹೇಳಿದ್ದು ಒಂದು, ಕಂಡದ್ದು ಇನ್ನೊಂದು. 1975ರ ಏಪ್ರಿಲ್ 30ರಂದು ಸೈಗಾನ್ ಬೀಳುವ ಹೊತ್ತಿಗೆ 58,000ಕ್ಕೂ ಜಾಸ್ತಿ ಅಮೆರಿಕನ್ನರು, ಹತ್ತು ಲಕ್ಷಕ್ಕೂ ಜಾಸ್ತಿ ವಿಯೆಟ್ನಾಮಿನವರು ಸತ್ತಿದ್ದರು.

ಅದೇ ಅಮೆರಿಕದ ಹಳೆಯ ಕಥೆ ಒಂದನ್ನು ಇದರ ಪಕ್ಕ ಇಟ್ಟು ನೋಡಿ. 1864ರ ಆಗಸ್ಟ್‌ನಲ್ಲಿ, ಅಂತರ್ಯುದ್ಧದ ನಾಲ್ಕನೆಯ ವರ್ಷ, ತಾನು ಚುನಾವಣೆ ಸೋಲುವುದು ಹೆಚ್ಚುಕಡಿಮೆ ಖಚಿತ ಅಂತ ಅಧ್ಯಕ್ಷ ಲಿಂಕನ್ ಬರೆದಿಟ್ಟಿದ್ದರು. ಜನ ಸುಸ್ತಾಗಿದ್ದರು. ಸೆಪ್ಟೆಂಬರ್ 2ರಂದು ಅವರ ಜನರಲ್ ಶರ್ಮನ್‌ನ ಸೇನೆ ಎದುರಾಳಿ ದಕ್ಷಿಣದವರ ಅಟ್ಲಾಂಟಾ ಪಟ್ಟಣ ಹಿಡಿಯಿತು. ನವೆಂಬರ್‌ನಲ್ಲಿ ಲಿಂಕನ್ ಗೆದ್ದರು, ಯುದ್ಧ ಮುಂದುವರಿಯಿತು. ಅಂದರೆ ಇಚ್ಛಾಶಕ್ತಿ ರಾಜಧಾನಿಯಿಂದ ರಣರಂಗಕ್ಕೆ ಹರಿಯುವ ಹಾಗೆಯೇ ರಣರಂಗದಿಂದ ರಾಜಧಾನಿಗೂ ಹರಿಯುತ್ತದೆ. ಎರಡನ್ನು ಬೇರೆ ಬೇರೆ ತಟ್ಟೆಯಲ್ಲಿಟ್ಟು ಯಾವುದು ಭಾರ ಅಂತ ತೂಗುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ದೇಶದ ಎರಡು ವರ್ಷಗಳನ್ನು ನಿಮ್ಮ ತಮ್ಮ ಚೆನ್ನಾಗಿ ಓದಿಕೊಳ್ಳಲಿ. 1962 ಮತ್ತು 1971.

1962ರಲ್ಲಿ ಮಾತು ಗಟ್ಟಿಯಾಗಿಯೇ ಇತ್ತು. ಗಡಿಯ ಎತ್ತರದ ಜಾಗಗಳಲ್ಲಿ ಸಣ್ಣ ಸಣ್ಣ ಠಾಣೆ ಇಡುತ್ತಾ ಹೋದರು. ಚೀನಾ ಹೊಡೆಯುವುದಿಲ್ಲ ಅನ್ನುವುದು ನಂಬಿಕೆ. ಸೇನೆಯ ಕೊರತೆಗಳ ಬಗ್ಗೆ ಮೊದಲೇ ಚಿಂತೆ ಮಾಡಿದವರಿದ್ದರು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಸೇನಾ ಮುಖ್ಯಸ್ಥರಾಗಿದ್ದಾಗ, 1959ರಲ್ಲಿ, ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದಾಣಿಕೆ ಆಗದೆ ರಾಜೀನಾಮೆ ಕೊಟ್ಟು, ಪ್ರಧಾನಿ ಹೇಳಿದ ಮೇಲೆ ವಾಪಸ್ ತೆಗೆದುಕೊಂಡಿದ್ದರು. 1962ರ ಅಕ್ಟೋಬರ್‌ನಲ್ಲಿ ನಮ್ಕಾ ಚು ಅನ್ನುವ ಬೆಟ್ಟದ ಹೊಳೆಯ ದಡದಲ್ಲಿ ಒಂದು ಬ್ರಿಗೇಡನ್ನು ನಿಲ್ಲಿಸಿದರು. ಎದುರಿನ ಎತ್ತರವೆಲ್ಲ ಚೀನೀಯರ ಕೈಯಲ್ಲಿ. ಅನೇಕರಿಗೆ ಬೆಚ್ಚನೆಯ ಬಟ್ಟೆಯೂ ಇರಲಿಲ್ಲ. ಈ ಯೋಜನೆ ನಡೆಯುವುದಿಲ್ಲ ಅಂದ ಜನರಲ್ ಉಮ್ರಾವ್ ಸಿಂಗ್ ಕೈಯಿಂದ ಆ ಹೊಣೆ ತೆಗೆದು, ಕೋರ್ ಅನ್ನುವ ಹೊಸದೊಂದು ದೊಡ್ಡ ಸೇನಾ ವಿಭಾಗ ಮಾಡಿ ಜನರಲ್ ಕೌಲ್ ಅವರಿಗೆ ಕೊಟ್ಟರು. ಅಕ್ಟೋಬರ್ 12ರಂದು ಕೊಲಂಬೊಗೆ ಹೊರಟ ಪ್ರಧಾನಿ ನೆಹರೂ, ನಮ್ಮ ನೆಲದಿಂದ ಚೀನೀಯರನ್ನು ತೆರವು ಮಾಡಲು ಸೇನೆಗೆ ಹೇಳಿದ್ದೇವೆ ಅನ್ನುವ ಅರ್ಥದ ಮಾತನ್ನು ಪತ್ರಕರ್ತರ ಮುಂದೆ ಆಡಿದರು. ಅಕ್ಟೋಬರ್ 20ರ ಬೆಳಗಿನ ಜಾವ ಚೀನಾ ಹೊಡೆಯಿತು. ಆ ಬ್ರಿಗೇಡ್ ಒಂದೇ ದಿನದಲ್ಲಿ ಚೂರಾಯಿತು, ಅದರ ಬ್ರಿಗೇಡಿಯರ್ ದಳವಿ ಸೆರೆಯಾದರು. ಐದು ದಿನದ ಐಸ್ ಅಂತ ಆಗಲೇ ಹೇಳಿದೆನಲ್ಲ, ಅಲ್ಲಿ ಒಂದು ದಿನದ್ದೂ ಇರಲಿಲ್ಲ. ಇದರ ಹೊಣೆ ರಾಜಕಾರಣಿಗಳ ಮೇಲೆ ಮಾತ್ರ ಹಾಕುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಆಗದು ಅಂತ ಮೇಲಿನವರಿಗೆ ಮುಖಕ್ಕೆ ಹೇಳಬೇಕಾದ ನಮ್ಮ ಹಿರಿಯ ಅಧಿಕಾರಿಗಳಲ್ಲಿ ಹಲವರು ಅದನ್ನು ಹೇಳಲಿಲ್ಲ.

1971ರಲ್ಲಿ ಒಬ್ಬರು ಹೇಳಿದರು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರು ಬರತೊಡಗಿದ್ದರು, ಕೊನೆಗೆ ಅವರ ಸಂಖ್ಯೆ ಒಂದು ಕೋಟಿ ಮುಟ್ಟಿತು. ಏಪ್ರಿಲ್‌ನಲ್ಲಿ ಇಂದಿರಾ ಗಾಂಧಿಯವರು ಕೂಡಲೇ ನುಗ್ಗಬಹುದೇ ಅಂತ ಕೇಳಿದಾಗ, ಈಗ ಆಗುವುದಿಲ್ಲ ಅಂತ ತಾವು ಹೇಳಿದ್ದಾಗಿ ಆಗಿನ ಸೇನಾ ಮುಖ್ಯಸ್ಥ ಜನರಲ್ ಮಾಣೆಕ್ ಶಾ ಆಮೇಲಿನ ವರ್ಷಗಳಲ್ಲಿ ಹೇಳುತ್ತಿದ್ದರು. ಆ ಸಭೆಯ ವಿವರಗಳ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯ ಇದೆ. ಆದರೆ ಕಾರಣಗಳು ನಿಜವಾದವು. ಸೇನೆ ಇನ್ನೂ ತಯಾರಿರಲಿಲ್ಲ. ಮಳೆಗಾಲ ಎದುರಿಗಿತ್ತು, ಬಂಗಾಳದ ಹೊಳೆಗಳು ಮಳೆಗೆ ಸಮುದ್ರದ ಹಾಗಾಗುತ್ತವೆ. ಹಿಮಾಲಯದ ಕಣಿವೆ ದಾರಿಗಳು ಹಿಮದಿಂದ ಮುಚ್ಚಿದ ಮೇಲೆ ಹೊಡೆದರೆ ಚೀನಾ ಸುಲಭವಾಗಿ ಇಳಿದು ಬರಲಾಗುವುದಿಲ್ಲ. ಕರಾವಳಿಯ ನಮಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಜೂನ್, ಜುಲೈನಲ್ಲಿ ಮಲ್ಪೆಯ ದೊಡ್ಡ ಬೋಟುಗಳು ದಡದಲ್ಲೇ ಇರುತ್ತವೆ. ಅದನ್ನು ಯಾರೂ ಹೆದರಿಕೆ ಅನ್ನುವುದಿಲ್ಲ.

ಪ್ರಧಾನಿ ಕಾದರು. ಪತ್ರಿಕೆಗಳು, ವಿರೋಧ ಪಕ್ಷದವರು ಒತ್ತಾಯ ಮಾಡುತ್ತಿದ್ದರೂ ಕಾದರು. ನನಗೆ ಆ ಎಂಟು ತಿಂಗಳೇ ಇಚ್ಛಾಶಕ್ತಿಯ ನಿಜವಾದ ರೂಪ. ಆಗಸ್ಟ್ 9ರಂದು ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದವಾಯಿತು. ಚಳಿಗಾಲದ ಮುಂಚೆ ಪ್ರಧಾನಿ ಯುರೋಪ್, ಅಮೆರಿಕ ಸುತ್ತಿ ಬಂದರು. ಸೇನೆ ರಸ್ತೆ, ಸೇತುವೆ, ಸಾಮಾನು ಎಲ್ಲ ಹೊಂದಿಸಿಕೊಂಡಿತು. ಡಿಸೆಂಬರ್ 3ರಂದು ಪಾಕಿಸ್ತಾನದ ವಿಮಾನಗಳು ನಮ್ಮ ನೆಲೆಗಳ ಮೇಲೆ ಬಾಂಬು ಹಾಕಿದಾಗ ನಾವು ತಯಾರಿದ್ದೆವು. ಮೇಘನಾ ನದಿಯ ದೊಡ್ಡ ಸೇತುವೆ ಒಡೆದಿತ್ತು. ಜನರಲ್ ಸಗತ್ ಸಿಂಗ್ ಹೆಲಿಕಾಪ್ಟರ್‌ಗಳಲ್ಲಿ ಸೈನಿಕರನ್ನು ಹೊಳೆ ದಾಟಿಸಿದರು. ದಿಲ್ಲಿಯಿಂದ ಅದನ್ನು ಯಾರೂ ಹೇಳಿಕೊಡಲಿಲ್ಲ. ಬಲೆ ಎಲ್ಲಿ ಬಿಡಬೇಕು ಅಂತ ತಾಂಡೇಲನಿಗೆ ಗೊತ್ತಿತ್ತು. ಡಿಸೆಂಬರ್ 16ರಂದು ಢಾಕಾ, 93,000 ಸೆರೆಯಾಳುಗಳು. ಮಾರನೆಯ ದಿನವೇ ಪಶ್ಚಿಮದ ಗಡಿಯಲ್ಲೂ ನಾವಾಗಿ ಕದನ ನಿಲ್ಲಿಸಿದೆವು. ಇನ್ನೂ ಮುಂದೆ ಹೋಗಬೇಕಿತ್ತು ಅನ್ನುವವರು ಇವತ್ತಿಗೂ ಇದ್ದಾರೆ. ಬೇಕಾದ್ದು ಸಿಕ್ಕ ಮೇಲೆ ನಿಲ್ಲಿಸಿದ್ದು ಸರಿ ಅನ್ನುವವನು ನಾನು.

ಕಾರ್ಗಿಲ್ ಬಗ್ಗೆ ಒಂದೇ ಮಾತು. 1999ರಲ್ಲಿ ಗಡಿ ನಿಯಂತ್ರಣ ರೇಖೆ ದಾಟಬೇಡಿ ಅನ್ನುವ ನಿಯಮ ನಮ್ಮ ಹುಡುಗರಿಗೆ ತುಂಬಾ ದುಬಾರಿಯಾಯಿತು. ಬೆಟ್ಟದ ಎದುರು ಮುಖವನ್ನೇ ಹತ್ತಬೇಕಾಯಿತು. 527 ಜನ ಜೀವ ಕೊಟ್ಟರು. ಆದರೆ ಆ ನಿಯಮದಿಂದಲೇ ಜಗತ್ತು ನಮ್ಮ ಕಡೆ ನಿಂತು ಪಾಕಿಸ್ತಾನದ ಮೇಲೆ ಒತ್ತಡ ಹಾಕಿತು. ಆ ತೀರ್ಮಾನ ಸರಿ ಅಂತ ನಾನು ನಂಬಿದ್ದೇನೆ. ನನ್ನ ಸೇನೆಯ ಗೆಳೆಯರು ಕೆಲವರು ಇದೊಂದು ವಿಷಯದಲ್ಲಿ ನನ್ನ ಜೊತೆ ಇವತ್ತಿಗೂ ವಾದ ಮಾಡುತ್ತಾರೆ.

ನಾನು ಇಷ್ಟು ಉದ್ದ ಬರೆಯುವುದಕ್ಕೆ ಒಂದು ಕಾರಣ ಇದೆ. 1988ರಲ್ಲಿ ನಾನು ಕ್ಯಾಪ್ಟನ್ ಆಗಿ ಶ್ರೀಲಂಕಾದ ಜಾಫ್ನಾದಲ್ಲಿದ್ದೆ. ಊರು ನೋಡಿದರೆ ನಮ್ಮ ಕಡೆಯದೇ ಅನಿಸುವುದು. ಕೆಂಪು ಮಣ್ಣು, ತೆಂಗು, ಮನೆಗೊಂದು ಬಾವಿ, ತಾಳೆಗರಿಯ ಬೇಲಿ. 1987ರ ಜುಲೈ 29ರ ಒಪ್ಪಂದದ ಪ್ರಕಾರ ಭಾರತೀಯ ಪಡೆ ಹೋದದ್ದು ಶಾಂತಿ ಕಾಯಲು, ತಮಿಳರಿಗೆ ರಕ್ಷಣೆ ಕೊಡಲು. ಅಕ್ಟೋಬರ್ ಹೊತ್ತಿಗೆ, ಪ್ರತ್ಯೇಕ ತಮಿಳು ದೇಶಕ್ಕೆ ಹೋರಾಡುತ್ತಿದ್ದ ಎಲ್‌ಟಿಟಿಇ ಜೊತೆಗೇ ಯುದ್ಧ ಶುರುವಾಗಿತ್ತು. ಅವರಲ್ಲಿ ಹಲವರಿಗೆ ಹಿಂದೆ ತರಬೇತಿ ಸಿಕ್ಕಿದ್ದು ನಮ್ಮ ದೇಶದಲ್ಲೇ. ಜಾಫ್ನಾ ಪಟ್ಟಣವನ್ನು ನಮ್ಮವರು ಹಿಡಿದರು. ಆಮೇಲೆ ಏನು ಅನ್ನುವುದು ಗೊತ್ತಿರಲಿಲ್ಲ. ಗೆರಿಲ್ಲಾಗಳು ಕಾಡಿಗೆ ಹೋದರು, ನಾವು ಗಸ್ತು ತಿರುಗುತ್ತಾ ಉಳಿದೆವು.

ಒಂದು ರಾತ್ರಿ ಕಾವಲು ಠಾಣೆಯಲ್ಲಿ ಬಿಜಾಪುರ ಕಡೆಯ, ನಾಯಕ್ ದರ್ಜೆಯ ಒಬ್ಬ ಸೈನಿಕ ನನ್ನನ್ನು ಕೇಳಿದ, 'ಸಾಹೇಬರ, ನಾವ್ ಇಲ್ಲಿ ಯಾರನ್ನ ಕಾಯಾಕತ್ತೀವಿ?' ಅವನ ದನಿಯಲ್ಲಿ ದೂರು ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಟಾರ್ಚ್ ಹಾಕಿ, ಮ್ಯಾಪ್ ಬಿಡಿಸಿ, ಮಾರನೆಯ ದಿನದ ಗಸ್ತಿನ ದಾರಿ ತೋರಿಸಿದೆ. ಅವನು ಸುಮ್ಮನೆ ನೋಡಿಕೊಂಡ. ಆ ರಾತ್ರಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವನು ಕೇಳಿದ್ದು ಯಾಕೆ ಅಂತ, ನಾನು ತೋರಿಸಿದ್ದು ಹೇಗೆ ಅಂತ.

1989ರಲ್ಲಿ ಶ್ರೀಲಂಕಾದ ಹೊಸ ಅಧ್ಯಕ್ಷ ಪ್ರೇಮದಾಸ ನೀವು ಹೊರಡಿ ಅಂದರು. ಅದೇ ವರ್ಷದ ಕೊನೆಗೆ ದಿಲ್ಲಿಯಲ್ಲೂ ಸರ್ಕಾರ ಬದಲಾಯಿತು. 1990ರ ಮಾರ್ಚ್‌ನಲ್ಲಿ ಕೊನೆಯ ಹಡಗು ವಾಪಸ್ ಬಂತು. ಸುಮಾರು 1,200 ಜನ ಬರಲಿಲ್ಲ. ನಮ್ಮ ಬೆಟಾಲಿಯನ್‌ನ ಗಸ್ತುಗಳಲ್ಲಿ ತಪ್ಪು ಹುಡುಕುವುದು ಕಷ್ಟ. ಶಿಸ್ತು ಇತ್ತು, ಧೈರ್ಯ ಇತ್ತು. ದಿಲ್ಲಿಗೂ ಮನಸ್ಸಿಲ್ಲ ಅನ್ನುವಂತಿರಲಿಲ್ಲ, ಸಮುದ್ರ ದಾಟಿಸಿ ಅಷ್ಟು ದೊಡ್ಡ ಪಡೆ ಕಳಿಸಿದ್ದರು. ಮುಗಿಯಿತು ಅಂತ ಯಾವಾಗ ಹೇಳುವುದು ಅನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಹಾಗಾಗಿ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಫ್ರೀ ಹ್ಯಾಂಡ್ ಕೇಳುವ ಮುಂಚೆ, ಆ ಕೈಗೆ ಏನು ಹಿಡಿದು ತಾ ಅಂತ ಹೇಳಿದ್ದಾರೆ ಅಂತ ಅವರು ಕೇಳಲಿ. ಮಾವನವರು ಟಿವಿಯಲ್ಲಿ ಗಟ್ಟಿ ಮಾತು ಕೇಳಿದಾಗ, ಅದರ ಹಿಂದೆ ಎಷ್ಟು ದಿನದ ಐಸ್ ಇದೆ ಅಂತ ಕೇಳಲಿ. ಇಬ್ಬರಲ್ಲಿ ಒಬ್ಬರನ್ನು ಆರಿಸಲೇಬೇಕು ಅಂತ ನೀವು ಹಟ ಮಾಡಿದರೆ, ನಾನು ಮಾವನವರ ಕಡೆ ಸ್ವಲ್ಪ ವಾಲುತ್ತೇನೆ. ದಿಲ್ಲಿಯಲ್ಲಿ ಆದ ತಪ್ಪನ್ನು ರಣರಂಗದಲ್ಲಿ ಸರಿ ಮಾಡುವುದು ತುಂಬಾ ಕಷ್ಟ, ಅದನ್ನು ನಾನೇ ಕಂಡಿದ್ದೇನೆ.

ತಮ್ಮನಿಗೆ ಒಂದು ಕೆಲಸ ಹೇಳಿ. ಒಂದು ಸಂಜೆ ಸುಲ್ತಾನ್ ಬತ್ತೇರಿ ಹತ್ತಿ, 1783ರಲ್ಲಿ ಯಾರು ಎಲ್ಲಿಂದ ಬರಬಹುದಿತ್ತು, ಅಕ್ಕಿ ಯಾವ ದಾರಿಯಲ್ಲಿ ಬರುತ್ತಿತ್ತು ಅಂತ ಒಂದು ಕಾಗದದ ಮೇಲೆ ಬಿಡಿಸಲಿ. ಸೇನಾಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನದ ಗುಂಪು ಚರ್ಚೆಗೂ ಉಪಯೋಗಕ್ಕೆ ಬರುತ್ತದೆ. ಬಿಡಿಸಿದ್ದನ್ನು ಹಿಡಿದುಕೊಂಡು ಒಂದು ಭಾನುವಾರ ಉಡುಪಿಗೆ ಬರಲಿ. ಮ್ಯಾಪ್ ಓದುವುದನ್ನು ಹೇಳಿಕೊಡುತ್ತೇನೆ. ಆ ನಾಯಕ್ ಕೇಳಿದ ಪ್ರಶ್ನೆಯನ್ನು ಅವನಿಗೂ ಕೇಳಬೇಕು ಅಂತಿದ್ದೇನೆ.